ಗಣಕಯಂತ್ರದ ಹೊಸ್ತಿಲು

ಚನ್ನಗಿರಿಯ ತಾಲ್ಲೂಕು ಕಚೇರಿಗೆ ಪಹಣಿಗಾಗಿ ಬಂದ ರೈತನು ದಾಖಲೆಗಳ ಕೋಣೆಯೊಳಕ್ಕೆ ತಾನೇ ನುಗ್ಗುವಂತಿಲ್ಲ. ಆತನು ಕಿಟಕಿಯ ಬಳಿ ನಿಂತು ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಹೇಳಬೇಕು. ಒಳಗಿರುವ ಗುಮಾಸ್ತನು ಹುಡುಕಿ ನಕಲನ್ನು ಕೊಡಬೇಕು. ಜಮೀನು ರೈತನದೇ, ಅದರ ಮೇಲಿನ ಅಡಕೆ ತೋಟವೂ ಅವನದೇ. ಆದರೂ ಆ ಜಮೀನಿನ ವಿವರವನ್ನು ಬರೆದ ಪುಸ್ತಕವನ್ನು ಮುಟ್ಟುವ ಅಧಿಕಾರ ಅವನಿಗಿಲ್ಲ. ಮೇಲ್ನೋಟಕ್ಕೆ ಇದು ಅನ್ಯಾಯವೆಂದು ತೋರಬಹುದು. ಆದರೆ ಅದೇ ಪುಸ್ತಕದ ಮುಂದಿನ ಪುಟದಲ್ಲಿ ಪಕ್ಕದ ಹೊಲದವನ ಹೆಸರಿದೆಯಲ್ಲವೆ? ಒಬ್ಬನನ್ನು ಒಳಕ್ಕೆ ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ. ಆಗ ಬದುವಿನ ಜಗಳಗಳೆಲ್ಲ ಹೊಲದಲ್ಲಿ ತೀರುವ ಬದಲು ಕೋಣೆಯೊಳಗೆ ಮಸಿ ಮತ್ತು ರಬ್ಬರಿನಿಂದ ತೀರತೊಡಗುತ್ತವೆ.

ಈ ಪುಸ್ತಕಗಳು ಹಿಂದೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. 2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಹೊನ್ನಾಳಿ, ಜಗಳೂರುಗಳೂ ಸೇರಿದಂತೆ ತಾಲ್ಲೂಕು ಕಚೇರಿಗಳಲ್ಲಿ ಮುದ್ರಿತ ಪಹಣಿಯನ್ನು ಕೊಡುವ ಕಿಟಕಿಗಳು ತೆರೆದುಕೊಂಡವು. ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಕಚೇರಿಯಂತೂ ಗಣಕಯಂತ್ರದ ಕಾಲದಲ್ಲಿಯೇ ಹುಟ್ಟಿತು. ಆರಂಭದಲ್ಲಿ ಒಂದು ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಒಳಗೆ ಗುಮಾಸ್ತನು ಮಾಡುತ್ತಿರುವುದು ಹೊರಗಿನವರಿಗೂ ಕಾಣುವಂತೆ ಜನರ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನು ಇಡಲಾಗಿತ್ತು. ದಾಖಲೆಯನ್ನು ತಿದ್ದುವ ಅಧಿಕಾರಿಯು ಮೊದಲು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು.

ಹೀಗೆ ಕೋಣೆ ಹೋಯಿತು, ಪುಸ್ತಕದ ಕಟ್ಟುಗಳು ಹೋದವು. ಕಿಟಕಿ ಮಾತ್ರ ಹೋಗಲಿಲ್ಲ. ಸ್ವಾರಸ್ಯದ ಸಂಗತಿಯೆಂದರೆ, ಮೇಜಿನ ಮೇಲಿರುವ ಆ ಯಂತ್ರದ ಒಳಗೆ ಕಣ್ಣಿಗೆ ಕಾಣದ ಮತ್ತೊಂದು ಕಿಟಕಿಯಿದೆ. ಗುಮಾಸ್ತನು ಒಂದು ಕೀಲಿಯನ್ನು ಒತ್ತಿದರೆ ಪಹಣಿಯ ಪ್ರೋಗ್ರಾಮು ಆ ಒಳಗಿನ ಕಿಟಕಿಯ ಮುಂದೆ ಹೊರಗಿನ ರೈತನಂತೆಯೇ ಕೈಕಟ್ಟಿ ನಿಲ್ಲುತ್ತದೆ.

ಗಣಕಯಂತ್ರದಲ್ಲಿ ಒಂದೇ ಕಾಲಕ್ಕೆ ಹತ್ತಾರು ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಒಂದು ದಾಖಲೆಯನ್ನು ಹುಡುಕುತ್ತಿದ್ದರೆ ಇನ್ನೊಂದು ಮುದ್ರಣದ ಕೆಲಸದಲ್ಲಿ ತೊಡಗಿರುತ್ತದೆ. ಮತ್ತೊಂದು ಕೀಲಿಮಣೆಯ ಅಕ್ಷರಗಳನ್ನು ಪರದೆಗೆ ತರುತ್ತಿರುತ್ತದೆ. ಇವೆಲ್ಲಕ್ಕೂ ಇರುವ ಸ್ಮೃತಿ ಒಂದೇ, ಡಿಸ್ಕ್ ಒಂದೇ, ಮುದ್ರಣಯಂತ್ರ ಒಂದೇ. ಪ್ರೋಗ್ರಾಮನ್ನು ಬರೆಯುವವರು ಮನುಷ್ಯರಾದುದರಿಂದ ಅದರಲ್ಲಿ ತಪ್ಪುಗಳಿರುವುದು ಸಹಜ. ಕೆಲವನ್ನು ಕೆಡುಕಿಗಾಗಿಯೇ ಬರೆದಿರುವುದೂ ಉಂಟು. ಹೀಗಿರಲು ಪ್ರತಿಯೊಂದು ಪ್ರೋಗ್ರಾಮೂ ಡಿಸ್ಕನ್ನು ತನಗೆ ತೋಚಿದಂತೆ ಓದಿ ಬರೆಯತೊಡಗಿದರೆ ಯಾರ ಹೊಲ ಯಾರ ಹೆಸರಿನಲ್ಲಿ ಉಳಿದೀತು?

ಆದುದರಿಂದ ಯಂತ್ರದ ಸೊತ್ತನ್ನೆಲ್ಲ ಕಾಯುವ ಹೊಣೆಯನ್ನು ಒಂದೇ ಒಂದು ಪ್ರೋಗ್ರಾಮಿಗೆ ಒಪ್ಪಿಸಲಾಗಿದೆ. ಅದನ್ನು ಕರ್ನಲ್ ಎನ್ನುವರು. ಕನ್ನಡದಲ್ಲಿ ತಿರುಳು ಎನ್ನಬಹುದು. ಉಳಿದವೆಲ್ಲ ಅದರ ಹೊರಗಿನವು. ಈ ಒಳಗು ಹೊರಗುಗಳ ಭೇದ ಬರಿಯ ಒಪ್ಪಂದವಲ್ಲ. ಲೆಕ್ಕಗಳನ್ನು ನಡೆಸುವ ಸಂಸ್ಕಾರಕದ ರಚನೆಯಲ್ಲಿಯೇ ಅದು ಅಡಗಿದೆ. ಸಂಸ್ಕಾರಕಕ್ಕೆ ಎರಡು ಸ್ಥಿತಿಗಳಿವೆ. ತಿರುಳಿನ ಕೆಲಸ ನಡೆಯುತ್ತಿರುವಾಗ ಅದು ಯಾವ ಅಪ್ಪಣೆಯನ್ನಾದರೂ ಪಾಲಿಸುತ್ತದೆ. ಹೊರಗಿನ ಪ್ರೋಗ್ರಾಮು ನಡೆಯುತ್ತಿರುವಾಗಲಾದರೋ ಕೂಡುವುದು, ಕಳೆಯುವುದು, ತನ್ನ ಪಾಲಿನ ಸ್ಮೃತಿಯನ್ನು ಮುಟ್ಟುವುದು ಇಷ್ಟಕ್ಕೆ ಮಾತ್ರ ಒಪ್ಪುತ್ತದೆ. ಡಿಸ್ಕನ್ನು ಚಲಿಸು ಎಂದರೆ ನಿರಾಕರಿಸುತ್ತದೆ. ಅನ್ಯರ ಸ್ಮೃತಿಯನ್ನು ಓದು ಎಂದರೆ ಆ ಪ್ರೋಗ್ರಾಮನ್ನೇ ತಡೆದು ನಿಲ್ಲಿಸಿ ತಿರುಳಿಗೆ ದೂರು ಕೊಡುತ್ತದೆ.

ಹಾಗಾದರೆ ಹೊರಗಿನ ಪ್ರೋಗ್ರಾಮು ಒಂದು ಕಡತವನ್ನು ಓದುವುದಾದರೂ ಹೇಗೆ? ಅದು ಕೇಳಿಕೊಳ್ಳಬೇಕು. ಹೀಗೆ ಕೇಳಿಕೊಳ್ಳುವುದಕ್ಕೆ ಸಿಸ್ಟಂ ಕಾಲ್ ಎಂದು ಹೆಸರು. ಕಾಲ್ ಎಂದರೆ ಕರೆ. ಆದರೆ ಕರೆಯುವವನು ಮೇಲಿನವನೆಂಬ ಭಾವನೆ ಆ ಮಾತಿನಲ್ಲಿದೆ. ಇಲ್ಲಿ ಕೇಳುವವನು ಕೆಳಗೆ ನಿಂತಿದ್ದಾನೆ. ಆದುದರಿಂದ ಮೊರೆ ಎಂಬ ಹಳೆಯ ಮಾತೇ ಈ ವ್ಯವಹಾರಕ್ಕೆ ಹೆಚ್ಚು ಒಪ್ಪುತ್ತದೆ.

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಎಂಬ ಗಣಕಯಂತ್ರದಲ್ಲಿ ಸೂಪರ್‌ವೈಸರ್ ಎಂಬ ಮೇಲ್ವಿಚಾರಕ ಪ್ರೋಗ್ರಾಮಿತ್ತು. ಉಳಿದವು ಅದನ್ನು ವಿಶೇಷ ಸಂಕೇತಗಳ ಮೂಲಕ ಕೇಳಿಕೊಳ್ಳುತ್ತಿದ್ದವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಇವರು 1969ರಿಂದ ಬೆಳೆಸಿದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರಲ್ಲಿ ಹೊರಬಂದಾಗ ಅದರಲ್ಲಿದ್ದ ಮೊರೆಗಳು 30ಕ್ಕಿಂತ ತುಸು ಹೆಚ್ಚು, ಅಷ್ಟೆ. ಅದರ ಜಾಡಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳಿನಲ್ಲಿ ಇಂದು 300ಕ್ಕೂ ಹೆಚ್ಚು ಮೊರೆಗಳಿವೆ. ಆಂಡ್ರಾಯ್ಡ್ ಮೊಬೈಲ್ ಫೋನುಗಳ ಒಳಗಿರುವುದು ಈ ತಿರುಳೇ. ಇದನ್ನು ಬರೆದ ಸಾಲುಗಳನ್ನು ಯಾರು ಬೇಕಾದರೂ ಓದಬಹುದಾದುದರಿಂದ, ಒಂದು ಮೊರೆ ಹೊಸ್ತಿಲನ್ನು ದಾಟುವ ಬಗೆಯನ್ನು ಇದರಲ್ಲಿಯೇ ನೋಡುವುದು ಅನುಕೂಲ.

ಸಂಸ್ಕಾರಕದೊಳಗೆ ರಿಜಿಸ್ಟರುಗಳೆಂಬ ಪುಟ್ಟ ಗೂಡುಗಳಿವೆ. ಒಂದೊಂದು ಗೂಡಿನಲ್ಲಿ ಒಂದೊಂದು ಸಂಖ್ಯೆ ಹಿಡಿಸುತ್ತದೆ. ಮೊರೆಯಿಡುವ ಪ್ರೋಗ್ರಾಮು ತನಗೆ ಬೇಕಾದ ಸೇವೆಯ ಸಂಖ್ಯೆಯನ್ನು ಒಂದು ಗೊತ್ತಾದ ಗೂಡಿನಲ್ಲಿ ಇಡುತ್ತದೆ. ಇಂಟೆಲ್ ವರ್ಗದ 64 ಬಿಟ್ಟಿನ ಯಂತ್ರಗಳಲ್ಲಿ ಓದುವುದಕ್ಕೆ 0, ಬರೆಯುವುದಕ್ಕೆ 1, ಕಡತವನ್ನು ತೆರೆಯುವುದಕ್ಕೆ 2, ಮುಚ್ಚುವುದಕ್ಕೆ 3. ಬೇರೆ ಆರು ಗೂಡುಗಳಲ್ಲಿ ವಿವರಗಳನ್ನು ಇಡಬಹುದು. ಓದಬೇಕಾದರೆ ಯಾವ ಕಡತ, ಓದಿದುದನ್ನು ಸ್ಮೃತಿಯ ಯಾವ ವಿಳಾಸದಲ್ಲಿ ಇಡಬೇಕು, ಎಷ್ಟು ಅಕ್ಷರಗಳು ಎಂಬ ಮೂರು ವಿವರಗಳು ಸಾಕು. ಇದೆಲ್ಲ ಅರ್ಜಿಯ ಚೀಟಿಯನ್ನು ತುಂಬಿದಂತೆ. ತುಂಬಿದ ಮೇಲೆ ಪ್ರೋಗ್ರಾಮು ‘ಸಿಸ್‌ಕಾಲ್’ ಎಂಬ ಒಂದೇ ಅಪ್ಪಣೆಯನ್ನು ಸಂಸ್ಕಾರಕಕ್ಕೆ ಕೊಡುತ್ತದೆ. ಮದರಾಸಿನ ಐ.ಐ.ಟಿ.ಯಲ್ಲಿ ರೂಪುಗೊಂಡ ‘ಶಕ್ತಿ’ ಸಂಸ್ಕಾರಕದಲ್ಲಿ ಇದೇ ಕೆಲಸದ ಅಪ್ಪಣೆಗೆ ‘ಈಕಾಲ್’ ಎಂದು ಹೆಸರು.

ಆ ಅಪ್ಪಣೆಯಾದೊಡನೆ ಸಂಸ್ಕಾರಕವು ಮೂರು ಕೆಲಸಗಳನ್ನು ಒಂದೇ ಏಟಿಗೆ ಮಾಡುತ್ತದೆ. ಪ್ರೋಗ್ರಾಮು ಎಲ್ಲಿ ನಿಂತಿತ್ತೆಂಬುದನ್ನು ಗುರುತು ಹಾಕಿಕೊಳ್ಳುತ್ತದೆ. ತಾನು ತಿರುಳಿನ ಸ್ಥಿತಿಗೆ ಬದಲಾಗುತ್ತದೆ. ತಿರುಳಿನ ಒಂದು ನಿರ್ದಿಷ್ಟ ಸ್ಥಳಕ್ಕೆ ನೆಗೆಯುತ್ತದೆ. ಈ ಮೂರು ಕೂಡಿಯೇ ನಡೆಯಬೇಕು. ಸ್ಥಿತಿ ಮಾತ್ರ ಬದಲಾಗಿ ನೆಗೆತ ತಡವಾದರೆ, ಆ ಕ್ಷಣದಲ್ಲಿ ಹೊರಗಿನವನ ಕೈಯಲ್ಲಿ ಬೀಗದ ಕೈ ಕೊಟ್ಟಂತಾದೀತು. ನೆಗೆಯಬೇಕಾದ ಸ್ಥಳವನ್ನು ಆರಿಸುವ ಹಕ್ಕೂ ಹೊರಗಿನವನಿಗಿಲ್ಲ. ಯಂತ್ರವು ಆರಂಭವಾಗುವಾಗಲೇ ತಿರುಳು ಅದನ್ನು ಗೊತ್ತುಮಾಡಿ ಇಟ್ಟಿರುತ್ತದೆ.

ಚನ್ನಗಿರಿ ತಾಲ್ಲೂಕಿನಲ್ಲಿರುವ, ಶಾಂತಿಸಾಗರವೆಂದೂ ಹೆಸರಾದ ಸೂಳೆಕೆರೆಯನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಎರಡು ಗುಡ್ಡಗಳ ನಡುವೆ ಹರಿಯುವ ಹರಿದ್ರಾ ಹೊಳೆಗೆ ಅಡ್ಡಲಾಗಿ ಹಾಕಿದ ಆ ಏರಿ ಉದ್ದದಲ್ಲಿ ಅಷ್ಟೇನೂ ದೊಡ್ಡದಲ್ಲ. ಅದರ ಹಿರಿಮೆಯೆಲ್ಲ ಅಗಲ ಮತ್ತು ಗಟ್ಟಿತನಗಳಲ್ಲಿದೆ. ಅಂಥ ವಿಶಾಲವಾದ ಕೆರೆಗೆ ಹಿಂದಿನವರು ಇಟ್ಟ ತೂಬುಗಳು ಎರಡೇ: ಸಿದ್ಧನ ತೂಬು, ಬಸವನ ತೂಬು. ತನ್ನ ಗದ್ದೆಗೆ ಹತ್ತಿರವೆಂದು ಏರಿಯನ್ನು ಅಗೆದು ನೀರು ತೆಗೆಯುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ನೀರು ತೂಬಿನಿಂದಲೇ ಹೊರಡಬೇಕು, ನೀರುಗಂಟಿಯೇ ಬಿಡಬೇಕು. ಏರಿಯಲ್ಲಿ ತೂಬು ಹೆಚ್ಚಿದಷ್ಟೂ ಸೋರುವ ತಾಣ ಹೆಚ್ಚುತ್ತದೆ. ತಿರುಳಿನಲ್ಲಿಯೂ ಹಾಗೆಯೇ. ಹೊಸದೊಂದು ಮೊರೆಯನ್ನು ಸೇರಿಸಬೇಕೆಂದರೆ ಲಿನಕ್ಸನ್ನು ನೋಡಿಕೊಳ್ಳುವವರು ತಿಂಗಳುಗಟ್ಟಲೆ ವಾದಿಸುವುದುಂಟು. ಅದನ್ನು ಜಿಪುಣತನವೆಂದು ಭಾವಿಸಬಾರದು.

ಹೊಸ್ತಿಲೊಳಗೆ ಬಂದ ಮೇಲೆ ತಿರುಳು ಮಾಡುವ ಮೊದಲ ಕೆಲಸ ವಿಚಿತ್ರವೆನಿಸುವಂಥದು. ಪ್ರತಿಯೊಂದು ಪ್ರೋಗ್ರಾಮೂ ತನ್ನ ಲೆಕ್ಕಗಳನ್ನು ಸ್ಟ್ಯಾಕ್ ಎಂಬ ಅಡಕಲಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿರುತ್ತದೆ. ತಿರುಳು ಬಂದವನ ಅಡಕಲನ್ನು ಮುಟ್ಟುವುದಿಲ್ಲ. ಅದು ಬಿರುಕು ಬಿಟ್ಟಿರಬಹುದು, ಬೇಕೆಂದೇ ಕೆಡಿಸಿರಲೂಬಹುದು. ಆದುದರಿಂದ ಅದನ್ನು ಬಿಟ್ಟು ತನ್ನದೇ ಬೇರೆ ಅಡಕಲಿಗೆ ಬರುತ್ತದೆ; ಬಂದವನ ಗೂಡುಗಳಲ್ಲಿದ್ದ ಸಂಖ್ಯೆಗಳನ್ನೆಲ್ಲ ಅಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಹಿಂದಿರುಗುವಾಗ ಉತ್ತರವನ್ನು ಇಡುವ ಗೂಡು ಮೊದಲಾದ ಒಂದೆರಡನ್ನು ಬಿಟ್ಟು ಉಳಿದವು ಇದ್ದಂತೆಯೇ ಇರಬೇಕು.

ಎರಡನೆಯದು ಸಂಖ್ಯೆಯ ಪರೀಕ್ಷೆ. ತಿರುಳಿನಲ್ಲಿ ಮೊರೆಗಳ ಒಂದು ಪಟ್ಟಿಯಿದೆ. ಸಂಖ್ಯೆಯು ಆ ಪಟ್ಟಿಯ ಆಚೆಯದಾದರೆ ‘ಇಂಥ ಸೇವೆ ಇಲ್ಲ’ ಎಂದು ಹೇಳಿ ಕಳುಹಿಸುತ್ತದೆ. ಈ ಸಣ್ಣ ಪರೀಕ್ಷೆಯನ್ನು ಮರೆತರೆ ಏನಾದೀತು? ಪಟ್ಟಿ ಮುಗಿದ ಮೇಲಿನ ಸ್ಮೃತಿಯಲ್ಲಿ ಏನಿದೆಯೋ ಅದನ್ನೇ ಸೇವೆಯ ವಿಳಾಸವೆಂದು ನಂಬಿ ತಿರುಳು ಅಲ್ಲಿಗೆ ಹೊರಟುಬಿಡುತ್ತದೆ.

ಅನಂತರದ್ದು ಎಲ್ಲಕ್ಕಿಂತ ಸೂಕ್ಷ್ಮವಾದುದು, ವಿಳಾಸಗಳ ಪರೀಕ್ಷೆ. ‘ಓದಿದುದನ್ನು ಇಂಥ ವಿಳಾಸದಲ್ಲಿ ಇಡು’ ಎಂದು ಪ್ರೋಗ್ರಾಮು ಕೇಳುತ್ತದೆ. ಆ ವಿಳಾಸ ಅದರ ಸ್ವಂತ ಪಾಲಿನಲ್ಲಿದೆಯೆ, ತಿರುಳಿನ ಪಾಲಿನಲ್ಲಿದೆಯೆ? ಹೊರಗಿನವನು ತಾನಾಗಿ ತಿರುಳಿನ ಪಾಲನ್ನು ಮುಟ್ಟಲು ಹೋದರೆ ಸಂಸ್ಕಾರಕವೇ ತಡೆಯುತ್ತಿತ್ತು. ಆದರೆ ಈಗ ಬರೆಯಹೊರಟಿರುವುದು ತಿರುಳು, ಅದನ್ನು ತಡೆಯುವವರಿಲ್ಲ. ಮೊರೆಯಿಟ್ಟವನ ಬಲಹೀನತೆಯನ್ನು ಮರೆತು ತಿರುಳು ತನ್ನ ಬಲವನ್ನು ಅವನಿಗೆ ಎರವಲು ಕೊಡುವ ಅಪಾಯ ಇಲ್ಲಿದೆ. ಆದುದರಿಂದ ವಿಳಾಸವು ಹೊರಗಿನ ಪಾಲಿಗೆ ಸೇರಿದ್ದೆಂದು ಖಚಿತವಾದಲ್ಲದೆ ಮುಂದುವರಿಯಲಾಗದು. ಅಲ್ಲದಿದ್ದರೆ ‘ವಿಳಾಸ ಸರಿಯಿಲ್ಲ’ ಎಂಬ 14ನೆಯ ಸಂಖ್ಯೆಯ ಉತ್ತರ ಹೋಗುತ್ತದೆ.

ಪರೀಕ್ಷಿಸಿದರಷ್ಟೇ ಸಾಲದು. ಚೀಟಿಯನ್ನು ಹೊರಗಿನವನ ಕೈಯಲ್ಲಿಯೇ ಬಿಟ್ಟು ಗುಮಾಸ್ತನು ಕತ್ತೆತ್ತಿ ಓದಿದನೆನ್ನಿ. ಓದಿ, ಸರಿಯೆಂದು ಒಪ್ಪಿ, ಒಳಗೆ ತಿರುಗುವಷ್ಟರಲ್ಲಿ ಆ ಮನುಷ್ಯನು ಸರ್ವೆ ನಂಬರನ್ನು ತಿದ್ದಿಬಿಡಬಹುದು. ಗಣಕಯಂತ್ರದಲ್ಲಿ ಇದು ಕಲ್ಪನೆಯ ಮಾತಲ್ಲ. ಒಂದೇ ಪ್ರೋಗ್ರಾಮಿನ ಎರಡು ಎಳೆಗಳು ಕೂಡಿ ನಡೆಯುತ್ತಿರುವಾಗ ಒಂದು ಮೊರೆಯಿಟ್ಟು ಕಾಯುತ್ತಿದ್ದರೆ ಇನ್ನೊಂದು ಸ್ಮೃತಿಯಲ್ಲಿರುವ ವಿವರವನ್ನು ಬದಲಾಯಿಸುತ್ತಿರಬಹುದು. ಆದುದರಿಂದ ತಿರುಳು ವಿವರವನ್ನು ಒಮ್ಮೆಗೇ ತನ್ನ ಪಾಲಿಗೆ ನಕಲು ಮಾಡಿಕೊಂಡು, ಆ ನಕಲನ್ನು ಪರೀಕ್ಷಿಸಿ, ಆ ನಕಲನ್ನೇ ಬಳಸಬೇಕು. ಮತ್ತೆ ಮೂಲವನ್ನು ನೋಡಬಾರದು.

ಇಷ್ಟಾದ ಮೇಲೆ ಕಡತವನ್ನು ಮುಟ್ಟುವ ಅನುಮತಿ ಕೇಳಿದವನಿಗಿದೆಯೇ ಎಂಬ ವಿಚಾರ. ಕಡತವೇ ಇಲ್ಲದಿದ್ದರೆ 2, ಇದ್ದೂ ಅನುಮತಿಯಿಲ್ಲದಿದ್ದರೆ 13 ಎಂಬ ಉತ್ತರ, ಹಿಂದೆ ಒಂದು ಕಳೆಯುವ ಚಿಹ್ನೆಯೊಡನೆ, ಗೂಡಿನಲ್ಲಿ ಬಂದು ಕೂರುತ್ತದೆ. ಎಲ್ಲವೂ ಸರಿಯಿದ್ದರೆ ತಿರುಳು ತಾನೇ ಓದಿ, ಓದಿದುದನ್ನು ಕೇಳಿದ ಕಡೆಯಲ್ಲಿ ಇಟ್ಟು, ಎಷ್ಟು ಅಕ್ಷರಗಳನ್ನು ಇಟ್ಟೆನೆಂಬುದನ್ನು ಉತ್ತರವಾಗಿ ಕೊಡುತ್ತದೆ. ಬಳಿಕ ಸಂಸ್ಕಾರಕವು ಮೊದಲಿನ ಬಡ ಸ್ಥಿತಿಗೆ ಇಳಿದು, ಗುರುತು ಹಾಕಿದ್ದ ಜಾಗಕ್ಕೆ ಮರಳುತ್ತದೆ.

ಇಷ್ಟೊಂದು ಎಚ್ಚರ ಅತಿಯಾಯಿತೆಂದು ಯಾರಿಗಾದರೂ ಅನಿಸಿದರೆ 2017ರಲ್ಲಿ ನಡೆದುದನ್ನು ನೋಡಬೇಕು. ಒಂದು ಪ್ರೋಗ್ರಾಮು ತಾನು ಹುಟ್ಟಿಸಿದ ಇನ್ನೊಂದು ಪ್ರೋಗ್ರಾಮು ಮುಗಿಯುವುದನ್ನು ಕಾಯಬೇಕಾದಾಗ ‘ವೇಟ್‌ಐಡಿ’ ಎಂಬ ಮೊರೆಯನ್ನಿಡುತ್ತದೆ. ಮುಗಿದ ಮೇಲೆ ಅದು ಹೇಗೆ ಮುಗಿಯಿತೆಂಬ ವಿವರವನ್ನು ತಿರುಳು ಕೇಳಿದ ವಿಳಾಸದಲ್ಲಿ ಬರೆದಿಡುತ್ತದೆ. ಆ ವಿವರದಲ್ಲಿ ಹಲವು ಸಣ್ಣ ಸಣ್ಣ ಅಂಶಗಳಿವೆ. ಒಂದೊಂದನ್ನು ಬರೆಯುವಾಗಲೂ ವಿಳಾಸವನ್ನು ಪರೀಕ್ಷಿಸುವುದು ವ್ಯರ್ಥವೆಂದು, ಮೊದಲಿಗೆ ಒಮ್ಮೆ ಪರೀಕ್ಷಿಸಿ ಉಳಿದುದನ್ನು ಪರೀಕ್ಷೆಯಿಲ್ಲದೆ ಬರೆಯುವ ಚುರುಕಾದ ಕ್ರಮವನ್ನು ಅಳವಡಿಸಲಾಯಿತು. ಕ್ರಮವೇನೋ ಒಳ್ಳೆಯದೇ. ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದ ಲಿನಕ್ಸಿನ 4.13ನೆಯ ಆವೃತ್ತಿಯಲ್ಲಿ, ಮೊದಲಿಗೆ ಒಮ್ಮೆ ಮಾಡಬೇಕಾದ ಆ ಪರೀಕ್ಷೆಯೇ ಬಿಟ್ಟುಹೋಯಿತು.

ಅದರಿಂದ ಹೊರಗಿನ ಪ್ರೋಗ್ರಾಮೊಂದು ತಿರುಳಿನ ಸ್ವಂತ ಸ್ಮೃತಿಯ ವಿಳಾಸವನ್ನು ಕೊಟ್ಟು ‘ಇಲ್ಲಿ ಬರೆ’ ಎನ್ನಬಹುದಾಗಿತ್ತು. ತಿರುಳು ಮರುಮಾತಿಲ್ಲದೆ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತಿತ್ತು. ಬರೆಯುವುದೇನು ಮಹಾ, ಕೆಲವು ಚಿಕ್ಕ ಅಂಕೆಗಳು, ಹೆಚ್ಚಿನವು ಸೊನ್ನೆಗಳು. ಸೊನ್ನೆಯಿಂದ ಯಾರಿಗೇನು ಲಾಭ ಎನ್ನುವಂತಿಲ್ಲ. ಲಿನಕ್ಸಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಗುರುತಿನ ಸಂಖ್ಯೆಯಿದೆ. ಯಂತ್ರದ ಮೇಲೆ ಸರ್ವಾಧಿಕಾರವುಳ್ಳವನ ಗುರುತಿನ ಸಂಖ್ಯೆ ಸೊನ್ನೆಯೇ! ತಿರುಳಿನ ಪುಸ್ತಕದಲ್ಲಿ ತನ್ನ ಸಂಖ್ಯೆಯ ಜಾಗದಲ್ಲಿ ಸೊನ್ನೆಯನ್ನು ಬರೆಯಿಸಿಕೊಂಡವನು ಆ ಕ್ಷಣದಿಂದ ಎಲ್ಲ ಕಡತಗಳಿಗೂ ಒಡೆಯ. ಅಕ್ಟೋಬರಿನಲ್ಲಿ ದೋಷವು ಬಯಲಾಗಿ ಅದನ್ನು ತಿದ್ದಲಾಯಿತು. ತಿದ್ದುಪಡಿಯು ಕೆಲವೇ ಸಾಲುಗಳದ್ದು: ಬಿಟ್ಟುಹೋಗಿದ್ದ ಪರೀಕ್ಷೆಯನ್ನು ಮರಳಿ ಬರೆದರು. ಲಕ್ಷಗಟ್ಟಲೆ ಸಾಲುಗಳಿರುವ ಬರವಣಿಗೆಯಲ್ಲಿ ಇಷ್ಟು ಚಿಕ್ಕ ಲೋಪವು ಹಿರಿಯರಾದ, ಅನುಭವಿಗಳಾದ ಬರೆಹಗಾರರ ಕಣ್ಣನ್ನೂ ತಪ್ಪಿಸಿಕೊಂಡಿತ್ತು.

ಮೊರೆಯಿಡುವುದಕ್ಕೆ ಬೆಲೆಯೂ ಉಂಟು. ಅಡಕಲು ಬದಲಿಸಿ, ಗೂಡುಗಳನ್ನು ಉಳಿಸಿ, ಪರೀಕ್ಷಿಸಿ, ಮರಳುವಷ್ಟರಲ್ಲಿ, ಪ್ರೋಗ್ರಾಮು ತನ್ನೊಳಗೇ ಮಾಡುವ ಒಂದು ಸಾಮಾನ್ಯ ಕೆಲಸಕ್ಕಿಂತ ಹಲವು ಪಟ್ಟು ಕಾಲ ಹಿಡಿಯುತ್ತದೆ. ಜಗಳೂರಿನ ಹಳ್ಳಿಗಳಿಂದ ಪೇಟೆಗೆ ಹೊರಟವನು ಕೇರಿಯವರೆಲ್ಲರ ಕೆಲಸಗಳನ್ನೂ ಕೇಳಿಕೊಂಡು ಹೋಗುತ್ತಾನೆ. ಒಂದು ಸೇರು ಉಪ್ಪಿಗಾಗಿ ಒಂದು ಪ್ರಯಾಣ ಮಾಡುವುದಿಲ್ಲ. ಒಳ್ಳೆಯ ಪ್ರೋಗ್ರಾಮುಗಳೂ ಹಾಗೆಯೇ. ಪಹಣಿಯ ಅಕ್ಷರಗಳನ್ನು ಒಂದೊಂದಾಗಿ ಬರೆಯಲು ನೂರಾರು ಮೊರೆಗಳನ್ನಿಡದೆ, ತಮ್ಮಲ್ಲಿಯೇ ಕೂಡಿಹಾಕಿ ಒಂದೇ ಮೊರೆಯಲ್ಲಿ ಒಪ್ಪಿಸುತ್ತವೆ. ಮೇಲಿಂದ ಮೇಲೆ ಬೇಕಾಗುವ ಹೊತ್ತಿನ ವಿಚಾರಕ್ಕೆ ಲಿನಕ್ಸ್ ಇನ್ನೊಂದು ಉಪಾಯ ಮಾಡಿದೆ. ಎಲ್ಲರೂ ಓದಬಹುದಾದ, ಆದರೆ ಯಾರೂ ತಿದ್ದಲಾಗದ ಒಂದು ಪುಟದಲ್ಲಿ ತಿರುಳು ಆಗಾಗ ಹೊತ್ತಿನ ಲೆಕ್ಕವನ್ನು ಬರೆದಿಡುತ್ತದೆ. ಕಚೇರಿಯ ಹೊರಗೋಡೆಗೆ ಗಡಿಯಾರವನ್ನು ತೂಗುಹಾಕಿದರೆ ಗಂಟೆ ಎಷ್ಟೆಂದು ಕೇಳಲು ಯಾರೂ ಸಾಲಿನಲ್ಲಿ ನಿಲ್ಲಬೇಕಾಗಿಲ್ಲವಷ್ಟೆ.

ಈ ಬೆಲೆ 2018ರ ಜನವರಿಯಲ್ಲಿ ಒಮ್ಮೆಲೇ ಏರಿತು. ಅನೇಕ ಸಂಸ್ಕಾರಕಗಳು, ಅದರಲ್ಲಿಯೂ ಇಂಟೆಲ್ ಸಂಸ್ಥೆಯವು, ವೇಗದ ಆತುರದಲ್ಲಿ ಅನುಮತಿಯ ಪರೀಕ್ಷೆ ಮುಗಿಯುವ ಮೊದಲೇ ತಿರುಳಿನ ಸ್ಮೃತಿಯನ್ನು ಓದತೊಡಗಿ, ಅನುಮತಿಯಿಲ್ಲವೆಂದು ತಿಳಿದ ಮೇಲೆ ಓದಿದುದನ್ನು ಬಿಸುಡುತ್ತಿದ್ದವೆಂಬುದು ಬೆಳಕಿಗೆ ಬಂತು. ಬಿಸುಟರೂ ಅದರ ಸುಳಿವು ಉಳಿಯುತ್ತಿತ್ತು. ಕಾಲವನ್ನು ಅಳೆದು ಆ ಸುಳಿವಿನಿಂದ ಗುಟ್ಟನ್ನು ಊಹಿಸಬಹುದಾಗಿತ್ತು. ಮೆಲ್ಟ್‌ಡೌನ್ ಎಂದು ಹೆಸರಾದ ಈ ದೋಷವನ್ನು ಬಾಗಿಲಿನಲ್ಲಿ ಎಷ್ಟು ಪರೀಕ್ಷಿಸಿದರೂ ನಿವಾರಿಸಲಾಗುತ್ತಿರಲಿಲ್ಲ, ತೆಳುವಾಗಿದ್ದುದು ಗೋಡೆ. ಪರಿಹಾರವಾಗಿ, ಹೊರಗಿನ ಪ್ರೋಗ್ರಾಮಿಗೆ ಕೊಡುವ ಸ್ಮೃತಿಯ ನಕ್ಷೆಯಿಂದ ತಿರುಳನ್ನು ಬಹುಮಟ್ಟಿಗೆ ಅಳಿಸಿಹಾಕಿದರು. ಅಂಥ ಯಂತ್ರಗಳಲ್ಲಿ ಒಂದೊಂದು ಮೊರೆಗೂ ಹೋಗುವಾಗೊಮ್ಮೆ, ಬರುವಾಗೊಮ್ಮೆ ನಕ್ಷೆಯನ್ನೇ ಬದಲಿಸಬೇಕಾಯಿತು. ಯಂತ್ರಗಳು ತುಸು ನಿಧಾನವಾದವು. ಜನ ಗೊಣಗಿದರು, ಆದರೂ ಒಪ್ಪಿಕೊಂಡರು.

ಇತ್ತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿಯ ಹಾಳೆ ಹೊರಬಂದಿದೆ. ರೈತನು ಅದನ್ನು ಮಡಿಸಿ ಜೇಬಿಗೆ ಸೇರಿಸುವಷ್ಟು ಹೊತ್ತಿನಲ್ಲಿ ಒಳಗಿನ ಕಿಟಕಿಯ ಮುಂದೆ ತೆರೆ, ಓದು, ಬರೆ, ಮುಚ್ಚು ಎಂದು ನೂರಾರು ಮೊರೆಗಳು ಬಂದು ಉತ್ತರ ಪಡೆದು ಹೋಗಿರುತ್ತವೆ. ಸಂಜೆ ಗುಮಾಸ್ತನು ಪ್ರೋಗ್ರಾಮನ್ನು ಮುಗಿಸಿದಾಗ ಅದು ಕೊನೆಯದಾಗಿ ಒಂದು ಮೊರೆಯನ್ನಿಡುತ್ತದೆ: ‘ನನ್ನನ್ನು ಮುಗಿಸು.’ ಇದೊಂದಕ್ಕೆ ಮಾತ್ರ ಉತ್ತರ ಬರುವುದಿಲ್ಲ. ಬಂದರೂ ಕೇಳುವವರು ಇರುವುದಿಲ್ಲ. ಆ ಪ್ರೋಗ್ರಾಮು ತೆರೆದು ಮುಚ್ಚಲು ಮರೆತಿದ್ದ ಕಡತಗಳನ್ನು ತಿರುಳು ತಾನೇ ಮುಚ್ಚುತ್ತದೆ. ಅದರ ಪಾಲಿನ ಸ್ಮೃತಿಯನ್ನು ಹಿಂದಕ್ಕೆ ಪಡೆದು, ಹಿಂದಿನವನ ಬರೆಹ ಮುಂದಿನವನಿಗೆ ಕಾಣದಂತೆ ಅಳಿಸಿ, ಮತ್ತೊಂದಕ್ಕೆ ಕೊಡುತ್ತದೆ.